ಓದುಗರ ಪ್ರಶ್ನೆ: ಟೆಲಿಫೋನ್ ಬೂತಿನ ಹಿಂದಿರುವ ಬಾರಿಗೆ ನಾವು ಹೋಗಬಹುದೇ?

ಪ್ರಶ್ನೆ: ನಾನು ಶಿರಸಿ ಸೀಮೆಯ ನಿವೃತ್ತ ಮಾಸ್ತರ. ಬರುವ ತಿಂಗಳು ನಾನೂ ನನ್ನ ಪತ್ನಿಯೂ ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಅಲ್ಲಿ ‘ಪಿಡಿಟಿ’ ಎಂಬ ಹೆಸರಾಂತ ಗುಪ್ತ ಕಾಕ್‌ಟೇಲ್ ಬಾರ್ ಇದೆಯೆಂದೂ ಒಂದು ಸಂಜೆ ಅಲ್ಲಿಗೆ ಕರೆದೊಯ್ಯುವುದಾಗಿಯೂ ಅಳಿಯಂದಿರು ಹೇಳುತ್ತಿದ್ದಾರೆ. ನಾವಿಬ್ಬರೂ ಸಸ್ಯಾಹಾರಿಗಳು, ಮದ್ಯವನ್ನು ಮುಟ್ಟಿದವರಲ್ಲ. ಹೋದರೆ ಮುಜುಗರ, ಹೋಗದಿದ್ದರೆ ಅವರಿಗೆ ಬೇಸರ. ಏನು ಮಾಡೋಣ?
– ಓದುಗರು, ಶಿರಸಿ

ಉತ್ತರ: ಮಾಸ್ತರೇ, ಇಬ್ಬರೂ ಅವಶ್ಯ ಹೋಗಿ ಬನ್ನಿ. ನೀವು ಕುಡಿಯುವುದಿಲ್ಲ ಎಂಬುದು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ, ಏಕೆಂದರೆ ಅದು ಕುಡಿದು ಮೈಮರೆಯುವವರಿಗಾಗಿ ಕಟ್ಟಿದ ಜಾಗವಲ್ಲ. ಮ್ಯಾನ್‌ಹಟನ್‌ನ ಈಸ್ಟ್ ವಿಲೇಜಿನಲ್ಲಿ ಸೇಂಟ್ ಮಾರ್ಕ್ಸ್ ಪ್ಲೇಸ್ ಎಂಬ ಬೀದಿಯಿದೆ. ಅಲ್ಲಿ ಕ್ರಿಫ್ ಡಾಗ್ಸ್ ಎಂಬ ಹಾಟ್‌ಡಾಗ್ ಅಂಗಡಿ. ಅಂಗಡಿಯೊಳಗೆ ಹಳೆಯ ಕಾಲದ ಟೆಲಿಫೋನ್ ಬೂತ್ ಒಂದಿದೆ. ಅದರಲ್ಲಿ ನಿಂತು ಫೋನ್ ಎತ್ತಿದರೆ ಒಳಗಿನವರು ವಿಚಾರಿಸುತ್ತಾರೆ, ಜಾಗವಿದ್ದರೆ ಬೂತಿನ ಹಿಂಬದಿಯ ಗೋಡೆಯೇ ಬಾಗಿಲಾಗಿ ತೆರೆಯುತ್ತದೆ. ‘ದಯವಿಟ್ಟು ಯಾರಿಗೂ ಹೇಳಬೇಡಿ’ ಎಂಬರ್ಥದ ‘ಪ್ಲೀಸ್ ಡೋಂಟ್ ಟೆಲ್’ ಎಂಬುದೇ ಪಿಡಿಟಿಯ ಪೂರ್ಣ ಹೆಸರು. 2007ರಲ್ಲಿ ಆರಂಭವಾದ ಈ ಪುಟ್ಟ ಬಾರ್ 2011ರಲ್ಲಿ ಜಗತ್ತಿನ 50 ಅತ್ಯುತ್ತಮ ಬಾರ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಅಮೆರಿಕದ ಅಡುಗೆಲೋಕದಲ್ಲಿ ಅತ್ಯಂತ ಗೌರವದ್ದೆನಿಸಿದ ಜೇಮ್ಸ್ ಬಿಯರ್ಡ್ ಪ್ರಶಸ್ತಿಗೆ 2012ರಲ್ಲಿ ಬಾರ್‌ಗಳ ವಿಭಾಗವನ್ನು ಸೇರಿಸಿದಾಗ ಅದರ ಮೊದಲ ಪ್ರಶಸ್ತಿಯೂ ಇದಕ್ಕೇ ಸಂದಿತು.

ಬೂತಿನ ಬಾಗಿಲು ಒಂದು ನಿಮಿಷದ ಸೋಜಿಗ. ನೋಡಬೇಕಾದದ್ದು ಅದರಾಚೆ, ಪಾನೀಯ ಬೆರೆಸುವ ಕಟ್ಟೆಯ ಹಿಂದೆ ನಿಂತವರ ಕೈಕೆಲಸ. ಆದ್ದರಿಂದ ಮೇಜಿಗಿಂತ ಕಟ್ಟೆಯ ಎದುರಿನ ಕುರ್ಚಿಯನ್ನೇ ಕೇಳಿ ಪಡೆಯಿರಿ. ನಿಮ್ಮ ಮನೆಯಲ್ಲಿ ಅಪ್ಪೆಹುಳಿ ಮಾಡುವಾಗ ಮಾವಿನಕಾಯಿಯ ಹುಳಿಯನ್ನು ನೋಡಿಕೊಂಡು ಉಪ್ಪೆಷ್ಟು, ಖಾರವೆಷ್ಟು, ನೀರೆಷ್ಟು ಎಂದು ನಿರ್ಧರಿಸುತ್ತಾರಲ್ಲವೇ? ಒಳ್ಳೆಯ ಕಾಕ್‌ಟೇಲಿನ ಹದವೂ ಅಂಥದೇ. ಹುಳಿಯಿರುವ ಬಗೆಗಳಲ್ಲಿ ಸಾಮಾನ್ಯವಾಗಿ 60 ಮಿಲಿಲೀಟರ್ ಮದ್ಯಕ್ಕೆ 20–25 ಮಿಲಿಲೀಟರ್ ನಿಂಬೆರಸ, ಹೆಚ್ಚುಕಡಿಮೆ ಅಷ್ಟೇ ಸಕ್ಕರೆಪಾಕ ಸೇರುತ್ತದೆ. ಅದನ್ನು ಮಂಜುಗಡ್ಡೆಯೊಂದಿಗೆ ಹತ್ತು ಹದಿನೈದು ಸೆಕೆಂಡು ರಭಸದಿಂದ ಕುಲುಕುತ್ತಾರೆ. ಆಗ ಕರಗುವ ನೀರು ಕೊನೆಗೆ ಲೋಟದಲ್ಲಿರುವುದರ ಸುಮಾರು ಕಾಲುಭಾಗದಷ್ಟಾಗುತ್ತದೆ, ಮತ್ತು ಆ ನೀರೂ ಲೆಕ್ಕದಲ್ಲಿ ಸೇರಿದ್ದೇ. ಅದಿಲ್ಲದೆ ಪಾನೀಯ ಗಂಟಲನ್ನು ಸುಡುತ್ತದೆ. ಹಣ್ಣಿನ ರಸವಿಲ್ಲದ ಬಗೆಗಳನ್ನು ಮಾತ್ರ ಕುಲುಕದೆ ಉದ್ದ ಚಮಚದಿಂದ ನಿಧಾನವಾಗಿ ತಿರುಗಿಸುತ್ತಾರೆ, ಏಕೆಂದರೆ ಕುಲುಕಿದರೆ ಗಾಳಿಯ ಗುಳ್ಳೆಗಳು ಸೇರಿ ತಿಳಿಯಾದ ಬಣ್ಣ ಮಬ್ಬಾಗುತ್ತದೆ. ಕೆಲವು ಲೋಟಗಳಲ್ಲಿ ಒಂದೇ ಒಂದು ದೊಡ್ಡ ಮಂಜುಗಡ್ಡೆ ಇರುವುದನ್ನು ಕಾಣುವಿರಿ. ಅಷ್ಟೇ ತೂಕದ ಸಣ್ಣ ತುಂಡುಗಳಿಗಿಂತ ಅದರ ಹೊರಮೈ ಕಡಿಮೆಯಾದ್ದರಿಂದ ಅದು ನಿಧಾನವಾಗಿ ಕರಗುತ್ತದೆ. ವಿಜ್ಞಾನದ ಪಾಠ ಮಾಡಿದವರಾಗಿದ್ದರೆ ನಿಮಗೆ ಇದೇ ಒಂದು ಸಂಜೆಗೆ ಸಾಕಾಗುವಷ್ಟು ಸಂತೋಷ ಕೊಡುತ್ತದೆ.

ಸಸ್ಯಾಹಾರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ಈ ಬಾರಿಗೆ ಹೆಸರು ತಂದ ‘ಬೆಂಟನ್ಸ್ ಓಲ್ಡ್ ಫ್ಯಾಷನ್ಡ್’ ಎಂಬ ಪಾನೀಯವನ್ನು ಹಂದಿಮಾಂಸದ ಕೊಬ್ಬಿನಿಂದ ಪರಿಮಳ ತುಂಬಿದ ಬರ್ಬನ್ ವಿಸ್ಕಿಯಿಂದ ಮಾಡುತ್ತಾರೆ. ಹೊಗೆಯಲ್ಲಿ ಹದಗೊಳಿಸಿದ ಬೇಕನ್ನಿನ ಕರಗಿದ ಕೊಬ್ಬನ್ನು ವಿಸ್ಕಿಗೆ ಬೆರೆಸಿಟ್ಟು, ಬಳಿಕ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಕೊಬ್ಬನ್ನು ಸೋಸಿ ತೆಗೆದರೆ ವಾಸನೆ ವಿಸ್ಕಿಯಲ್ಲೇ ಉಳಿಯುತ್ತದೆ. ಲೋಟವನ್ನು ನೋಡಿ ಇದನ್ನು ಯಾರೂ ಊಹಿಸಲಾರರು. ‘ಸಾರ್’ ಎಂಬ ಹುಳಿಬಗೆಯ ಎಷ್ಟೋ ಪಾನೀಯಗಳ ಮೇಲಿನ ಬಿಳಿ ನೊರೆ ಮೊಟ್ಟೆಯ ಬಿಳಿಭಾಗದ್ದು. ಟೊಮೆಟೊ ರಸದ ‘ಬ್ಲಡಿ ಮೇರಿ’ ಎಂಬ ಕಾಕ್‌ಟೇಲಿನಲ್ಲಿ, ಅದರ ಮದ್ಯರಹಿತ ರೂಪದಲ್ಲಿ ಕೂಡ, ಬಳಸುವ ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ. ಹಾಗಾಗಿ ಕುಳಿತ ಕೂಡಲೇ ‘ಮದ್ಯ ಬೇಡ, ಮಾಂಸ, ಮೀನು, ಮೊಟ್ಟೆ ಬೇಡ’ ಎಂದು ಅಳಿಯಂದಿರಿಂದ ಸ್ಪಷ್ಟವಾಗಿ ಹೇಳಿಸಿ. ಇನ್ನೊಂದು ಸೂಕ್ಷ್ಮವಿದೆ. ಮದ್ಯವಿಲ್ಲದ ಪಾನೀಯಕ್ಕೂ ರುಚಿಗೆಂದು ‘ಬಿಟರ್ಸ್’ ಎಂಬ ಕಹಿದ್ರವದ ಹನಿಗಳನ್ನು ಹಾಕುವುದುಂಟು. ಅಂಗೋಸ್ಟುರಾ ಎಂಬ ಪ್ರಸಿದ್ಧ ಬಿಟರ್ಸಿನಲ್ಲಿ ಶೇಕಡಾ 44.7ರಷ್ಟು ಆಲ್ಕೋಹಾಲ್ ಇದೆ. ಅದೂ ಬೇಡವೆಂದು ಸೇರಿಸಿ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಏನು ಕೇಳಬೇಕೆಂದು ತೋಚದಿದ್ದರೆ ನಮ್ಮ ಮುರುಗಲು ಪಾನಕವನ್ನು ವರ್ಣಿಸಿ: ಕಡುಗೆಂಪು ಬಣ್ಣ, ಹಣ್ಣಿನ ಹುಳಿ, ತುಸು ಸಿಹಿ, ಒಂದು ಚಿಟಿಕೆ ಉಪ್ಪು, ಜೀರಿಗೆಯ ಘಮ. ಒಳ್ಳೆಯ ಬಾರ್‌ಟೆಂಡರ್ ಇಂಥ ವರ್ಣನೆಯನ್ನು ಆಸಕ್ತಿಯಿಂದ ಕೇಳಿ, ತನ್ನಲ್ಲಿರುವ ಹಣ್ಣು ಮತ್ತು ಸೊಪ್ಪುಗಳಿಂದ ಅದಕ್ಕೆ ಹತ್ತಿರವಾದದ್ದೊಂದನ್ನು ಮಾಡಿಕೊಡುತ್ತಾನೆ. ಆ ಮಾತುಕತೆಯೇ ನಿಮ್ಮ ಸಂಜೆಯ ಒಳ್ಳೆಯ ಭಾಗವಾದೀತು.

ಒಳಗೆ ಜಾಗ ಕಡಿಮೆ. ಮುಂಗಡವಾಗಿ ಕಾಯ್ದಿರಿಸಲು ಅಳಿಯಂದಿರಿಗೆ ಹೇಳಿ. ಅಲ್ಲಿ ಕುಡಿಯಲು 21 ವರ್ಷ ತುಂಬಿರಬೇಕಾದ್ದರಿಂದ ತಲೆ ನರೆತವರನ್ನೂ ಗುರುತಿನ ಚೀಟಿ ಕೇಳುವುದುಂಟು, ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ನಿಮ್ಮ ಪತ್ನಿಯವರು ಸೀರೆಯಲ್ಲೇ ಹೋಗಲು ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಬಾಗಿಲನ್ನು ಮರೆಮಾಡಿ ನಡೆಸುವ ಬಾರ್ ಎಂದರೆ ಕಳ್ಳಭಟ್ಟಿಯ ಅಡ್ಡೆಗೆ ಸಮಾನವಲ್ಲವೇ? ಸರ್ಕಾರ ಇದಕ್ಕೆ ಹೇಗೆ ಅನುಮತಿ ಕೊಡುತ್ತದೆ?
– ಓದುಗರು, ಕಾರವಾರ

ಉತ್ತರ: ಇಂದಿನ ಗುಪ್ತ ಬಾರ್‌ಗಳು ಪರವಾನಗಿ ಪಡೆದೇ ನಡೆಯುವಂಥವು, ಅವುಗಳ ವಿಳಾಸ ಅಬಕಾರಿ ಇಲಾಖೆಗೆ ಚೆನ್ನಾಗಿ ತಿಳಿದಿರುತ್ತದೆ. ಆದರೆ ನಿಮ್ಮ ಅನುಮಾನಕ್ಕೆ ಇತಿಹಾಸದ ಆಧಾರವಿದೆ. ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ದೇಶದಾದ್ಯಂತ ಪಾನನಿಷೇಧವಿತ್ತು, ಮತ್ತು ಆಗ ಕದ್ದು ನಡೆಯುತ್ತಿದ್ದ ಅಡ್ಡೆಗಳನ್ನು ‘ಸ್ಪೀಕ್‌ಈಸಿ’, ಅಂದರೆ ‘ಮೆಲ್ಲಗೆ ಮಾತಾಡು’ ಎಂದು ಕರೆಯುತ್ತಿದ್ದರು. ಇದು ನಮ್ಮ ಜಿಲ್ಲೆಗೆ ತೀರ ದೂರದ ಕಥೆಯೇನಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿತ್ತಾದ್ದರಿಂದ 1949ರ ಮುಂಬಯಿ ಪಾನನಿಷೇಧ ಕಾಯಿದೆ ಕಾರವಾರಕ್ಕೂ ಅನ್ವಯಿಸುತ್ತಿತ್ತು. ಗಡಿಯಾಚೆಗೆ, ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯಲ್ಲಿ, ಆ ಕಾಯಿದೆ ಇರಲಿಲ್ಲ. ಆ ದಿನಗಳ ಮಾತನ್ನು ನಿಮ್ಮೂರಿನ ಹಿರಿಯರಿಂದ ಕೇಳಿ ತಿಳಿಯುವುದು ಯಾವ ಬಾರಿಗೆ ಹೋಗುವುದಕ್ಕಿಂತಲೂ ಹೆಚ್ಚಿನ ಲಾಭವೆಂದು ನನಗೆ ಅನ್ನಿಸುತ್ತದೆ.

ಬಾಗಿಲನ್ನು ಮರೆಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಈಗಿನ ಗುಪ್ತ ಬಾರ್‌ಗಳಿಗೆ ಮೇಲ್ಪಂಕ್ತಿ ಹಾಕಿದ್ದು ನ್ಯೂಯಾರ್ಕಿನಲ್ಲಿ 1999ರ ಕೊನೆಯ ದಿನ ಸಾಶಾ ಪೆಟ್ರಾಸ್ಕೆ ತೆರೆದ ‘ಮಿಲ್ಕ್ ಆ್ಯಂಡ್ ಹನಿ’. ಅದಕ್ಕೆ ಫಲಕವಿರಲಿಲ್ಲ, ಕಾಯ್ದಿರಿಸದೆ ಬರುವಂತಿರಲಿಲ್ಲ. ಅಕ್ಕಪಕ್ಕದ ಮನೆಯವರ ನಿದ್ದೆ ಕೆಡದಂತೆ ಗದ್ದಲವಿಲ್ಲದೆ ನಡೆಯಬೇಕು ಎಂಬುದು ಅದರ ಹಿಂದಿನ ಕಾಳಜಿಯಾಗಿತ್ತು. ಗಟ್ಟಿ ದನಿಗೆ, ಅಪರಿಚಿತ ಹೆಂಗಸರ ಬಳಿ ಹೋಗಿ ಮಾತಿಗೆಳೆಯುವುದಕ್ಕೆ ಅಲ್ಲಿನ ನಿಯಮಗಳು ಅವಕಾಶ ಕೊಡುತ್ತಿರಲಿಲ್ಲ. ನಮ್ಮಲ್ಲಿನ ಬಾರ್‌ಗಳೂ ಇಷ್ಟನ್ನು ಪಾಲಿಸಿದರೆ ಅವುಗಳ ಮುಂದೆ ಹಾದುಹೋಗಲು ಹೆಣ್ಣುಮಕ್ಕಳು ಹಿಂಜರಿಯಬೇಕಾಗುತ್ತಿರಲಿಲ್ಲ.

ಪ್ರಶ್ನೆ: ಅಮೆರಿಕದ ಬಾರಿನಲ್ಲಿ ಟಿಪ್ಸ್ ಕೊಡಲೇಬೇಕೇ? ಶರಬತ್ತು ಮಾತ್ರ ಕುಡಿದವರೂ?
– ಓದುಗರು, ಕುಮಟಾ

ಉತ್ತರ: ಕಾನೂನಿನ ಕಡ್ಡಾಯವಿಲ್ಲ, ಆದರೆ ಅಲ್ಲಿನ ಪರಿಚಾರಕರ ಸಂಪಾದನೆಯ ದೊಡ್ಡ ಪಾಲು ಅದರಿಂದಲೇ ಬರುವುದರಿಂದ ಕೊಡದಿರುವುದು ಸರಿಯಲ್ಲ. ನ್ಯೂಯಾರ್ಕ್ ನಗರದಲ್ಲಿ ಬಿಲ್ಲಿನ ಮೇಲೆ ಶೇಕಡಾ 8.875 ಮಾರಾಟ ತೆರಿಗೆ ಸೇರುತ್ತದೆ; ತೆರಿಗೆಗೆ ಮುಂಚಿನ ಮೊತ್ತದ ಸುಮಾರು ಶೇಕಡಾ 20ರಷ್ಟನ್ನು ಟಿಪ್ಸ್ ಎಂದು ಕೊಡುವುದು ವಾಡಿಕೆ. ನಿಮ್ಮ ಶರಬತ್ತಿಗೂ ಅವರು ಅಷ್ಟೇ ಅಳತೆ ಮಾಡಿ, ಅಷ್ಟೇ ಹೊತ್ತು ಕುಲುಕಿರುತ್ತಾರೆ.