ಓದುಗರ ಪ್ರಶ್ನೆ: ಉಪ್ಪಿನ ಅಯೋಡಿನ್, ಥೈರಾಯ್ಡ್ ಮಾತ್ರೆ ಮತ್ತು ಮಳೆಗಾಲದ ಕಣಿಲೆ

ಪ್ರಶ್ನೆ: ನನ್ನ ಸೊಸೆ ಈಗ ನಾಲ್ಕು ತಿಂಗಳ ಗರ್ಭಿಣಿ. ರಕ್ತ ಪರೀಕ್ಷೆಯಲ್ಲಿ, ಥೈರಾಯ್ಡ್ ಕೆಲಸ ಕುಂದಿದಾಗ ಏರುವ ಟಿಎಸ್‌ಎಚ್ ಹೆಚ್ಚಿದೆಯೆಂದು ವೈದ್ಯರು ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಚೀಲದಲ್ಲಿ ತಂದ ಕಲ್ಲುಪ್ಪನ್ನೇ ಬಳಸುತ್ತೇವೆ. ಉಪ್ಪಿಗೆ ಅಯೋಡಿನ್ ಬೆರೆಸುವುದು ಕಂಪನಿಗಳ ವ್ಯಾಪಾರವೆಂದು ಹೇಳಿ ನೆಂಟರೊಬ್ಬರು ಗುಲಾಬಿ ಬಣ್ಣದ ಸೈಂಧವ ಉಪ್ಪನ್ನು ತಂದುಕೊಟ್ಟಿದ್ದಾರೆ. ಅಯೋಡಿನ್ ಉಪ್ಪನ್ನು ಬಳಸತೊಡಗಿದರೆ ಮಾತ್ರೆ ಬಿಡಬಹುದೇ? ಕಣಿಲೆ (ಎಳೆ ಬಿದಿರಿನ ಮೊಳಕೆ) ತಿಂದರೆ ಥೈರಾಯ್ಡ್ ಕೆಡುತ್ತದೆ ಎನ್ನುವುದು ನಿಜವೇ?
– ಓದುಗರೊಬ್ಬರು, ನಾಪೋಕ್ಲು, ಕೊಡಗು

ಉತ್ತರ: ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಯೋಡಿನ್ ಥೈರಾಯ್ಡ್ ಗ್ರಂಥಿಗೆ ಬೇಕಾದ ಕಚ್ಚಾ ಸಾಮಗ್ರಿ. ಮಾತ್ರೆಯಾದರೋ ಆ ಗ್ರಂಥಿ ತಯಾರಿಸಬೇಕಿದ್ದ ಹಾರ್ಮೋನೇ. ಸಾಮಗ್ರಿ ಸಾಕಷ್ಟಿದ್ದರೂ ಗ್ರಂಥಿಯೇ ಸೊರಗಿರಬಹುದು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಹಶಿಮೊಟೊ ಕಾಯಿಲೆಯಲ್ಲಿ ಆಗುವುದು ಇದೇ, ಮತ್ತು ಅಂಥವರಿಗೆ ಅತಿಯಾದ ಅಯೋಡಿನ್ ಕೊಟ್ಟರೆ ತೊಂದರೆ ಹೆಚ್ಚಲೂಬಹುದು. ಆದ್ದರಿಂದ ಸಮುದ್ರಪಾಚಿಯ ಮಾತ್ರೆಗಳನ್ನು ನೀವಾಗಿಯೇ ತಂದು ಕೊಡಬೇಡಿ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನ್ ಪೂರ್ತಿಯಾಗಿ ತಾಯಿಯಿಂದಲೇ ಬರಬೇಕು. ಮಗುವಿನ ಗ್ರಂಥಿ ಕೆಲಸಕ್ಕೆ ತೊಡಗಿದ ಮೇಲೂ ತಾಯಿಯ ನೆರವು ಅದಕ್ಕೆ ಬೇಕಾಗುತ್ತದೆ.

ಹಾಗೆಂದು ಉಪ್ಪಿನ ವಿಚಾರ ಸಣ್ಣದಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕಾದರೆ, ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ 250 ಮೈಕ್ರೋಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಳೆ ಹೆಚ್ಚು ಬೀಳುವ ಗುಡ್ಡಗಾಡಿನಲ್ಲಿ ಮೇಲ್ಮಣ್ಣಿನ ಅಯೋಡಿನ್ ನೀರಿನೊಡನೆ ಕೊಚ್ಚಿಹೋಗುವುದರಿಂದ ಅಲ್ಲಿ ಬೆಳೆದ ಅಕ್ಕಿ ತರಕಾರಿಗಳಲ್ಲಿ ಅದು ಕಡಿಮೆಯಿರುತ್ತದೆ. ನಿಮ್ಮ ನೆಂಟರ ಮಾತಿಗೆ ಉತ್ತರವಾಗಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯ ಸಂಗತಿಯನ್ನು ಹೇಳಬೇಕು. 1956ರಿಂದ ಪ್ರೊ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಹಂಚಿದರು. ಕೆಲವೇ ವರ್ಷಗಳಲ್ಲಿ ಆ ಎರಡು ವಲಯಗಳ ಮಕ್ಕಳಲ್ಲಿ ಗಳಗಂಡ (ಥೈರಾಯ್ಡ್ ಊದಿ ಕುತ್ತಿಗೆ ಉಬ್ಬುವ ಕಾಯಿಲೆ) ಗಣನೀಯವಾಗಿ ಇಳಿಯಿತು, ಮೂರನೆಯದರಲ್ಲಿ ಇಳಿಯಲಿಲ್ಲ. ನಮ್ಮ ದೇಶದ 1962ರ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಕೆಲಸವೇ ತಳಹದಿ. ಇದನ್ನು ವ್ಯಾಪಾರವೆನ್ನುವುದು ನ್ಯಾಯವಲ್ಲ. ಸೈಂಧವ ಉಪ್ಪಿನ ಗುಲಾಬಿ ಬಣ್ಣ ಅದರಲ್ಲಿರುವ ಕಬ್ಬಿಣದ ಅಂಶದಿಂದ ಬಂದದ್ದು. ಬೇರೆಯಾಗಿ ಬೆರೆಸದ ಹೊರತು ಅದರಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ.

ಕಲ್ಲುಪ್ಪೇ ಬೇಕೆಂದರೆ ಅಯೋಡಿನ್ ಸೇರಿಸಿದ ಕಲ್ಲುಪ್ಪೂ ಸಿಗುತ್ತದೆ, ಪೊಟ್ಟಣದ ಮೇಲೆ ನೋಡಿ ಕೊಳ್ಳಿ. ಆದರೆ ಅದನ್ನು ಇಡುವ ರೀತಿ ಮುಖ್ಯ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ನಮ್ಮ ಅಡುಗೆಮನೆಗಳ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೆಂದು ನಿಮಗೆ ಗೊತ್ತೇ ಇದೆ: ಹರಳುಗಳು ಜಿಗುಟಾಗುತ್ತವೆ, ತಳದಲ್ಲಿ ಉಪ್ಪುನೀರು ನಿಲ್ಲುತ್ತದೆ, ನಾವು ಆ ನೀರನ್ನು ಬಗ್ಗಿಸಿ ಚೆಲ್ಲಿ ಮೇಲಿನ ಉಪ್ಪನ್ನು ಸಾರಿಗೆ ಹಾಕುತ್ತೇವೆ. ಹರಳಿನ ಹೊರಮೈಗೆ ಅಂಟಿದ್ದ ಅಯೋಡಿನ್ ಆ ನೀರಿನೊಡನೆಯೇ ಹೋಗುತ್ತದೆ. ಕಲ್ಲುಪ್ಪನ್ನು ತೊಳೆದು ಬಳಸಿದರೂ ಹಾಗೆಯೇ. ಚಿಕ್ಕ ಪೊಟ್ಟಣ ತಂದು, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಲೆಯ ಶಾಖವೂ ಕಿಟಕಿಯ ಬಿಸಿಲೂ ತಾಗದ ಕಡೆ ಇಟ್ಟುಕೊಳ್ಳಿ.

ಅಯೋಡಿನ್ ಬೇಕೆಂದು ಉಪ್ಪನ್ನು ಹೆಚ್ಚಿಸುವುದೂ ತಪ್ಪು. ಕೊಳ್ಳುವವರ ಕೈಸೇರುವಾಗ ಗ್ರಾಂ ಉಪ್ಪಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬುದು ನಿಯಮ. ದಿನಕ್ಕೆ 5 ಗ್ರಾಂ ಮಿತಿಯಲ್ಲಿ ತಿಂದರೆ ಅದರಿಂದ 75 ಮೈಕ್ರೋಗ್ರಾಂ ಖಚಿತ. ಉಳಿದದ್ದಕ್ಕೆ ಹಾಲು, ಮೊಟ್ಟೆ, ಕರಾವಳಿಯಿಂದ ನಮ್ಮ ಸಂತೆಗೆ ಬರುವ ಮತ್ತಿ, ಬಂಗುಡೆಗಳಿವೆ. ಹೊಳೆಮೀನಿಗಿಂತ ಕಡಲಮೀನಿನಲ್ಲಿ ಅಯೋಡಿನ್ ಹೆಚ್ಚು. ಇಷ್ಟರ ಮೇಲೂ ಪೂರಕ ಮಾತ್ರೆ ಬೇಕೇ ಎಂಬುದನ್ನು ಸೊಸೆಯನ್ನು ನೋಡುತ್ತಿರುವ ವೈದ್ಯರನ್ನೇ ಕೇಳಿ.

ಇನ್ನು ಕಣಿಲೆ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದ್ದು, ದೇಹದೊಳಗೆ ಅದು ಥಯೋಸಯನೇಟ್ ಆಗಿ ಮಾರ್ಪಟ್ಟು ಅಯೋಡಿನ್ ಥೈರಾಯ್ಡನ್ನು ಸೇರದಂತೆ ತಡೆಯುತ್ತದೆ ಎನ್ನುವುದು ನಿಜ. ಆದರೆ ನಮ್ಮ ಹಿರಿಯರು ಬೈಂಬಳೆಯನ್ನು (ಕಣಿಲೆಗೆ ಕೊಡವ ಹೆಸರು) ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರನ್ನು ಚೆಲ್ಲಿ ಪಲ್ಯ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಆ ಅಂಶದ ಬಹುಪಾಲು ನೀರಿನಲ್ಲಿ ಕಳೆದುಹೋಗುತ್ತದೆ. ಅವಸರದಲ್ಲಿ ಒಂದೇ ರಾತ್ರಿ ನೆನೆಸಿ ಒಗ್ಗರಣೆ ಹಾಕುವುದನ್ನು ಮಾತ್ರ ಬಿಡಿ. ಅಯೋಡಿನ್ ಸಾಕಷ್ಟು ಸಿಗುತ್ತಿರುವಾಗ ಹೀಗೆ ಹದಮಾಡಿದ ಕಣಿಲೆಯನ್ನು ಅಪರೂಪಕ್ಕೆ ತಿಂದರೆ ಭಯವಿಲ್ಲ. ಬೇಯಿಸಿದ ಎಲೆಕೋಸಿಗೂ ಇದೇ ಮಾತು.

ಕಣಿಲೆಗಿಂತ ನನಗೆ ಹೆಚ್ಚು ಚಿಂತೆಯಿರುವುದು ಬೆಳಗಿನ ಕಾಫಿಯದು. ಎದ್ದ ಕೂಡಲೇ ಬೆಲ್ಲದ ಕಾಫಿ ಕುಡಿದು ಅದರ ಜೊತೆಗೇ ಥೈರಾಕ್ಸಿನ್ ನುಂಗುವವರು ನಮ್ಮಲ್ಲಿ ಬಹಳ. ಕಾಫಿ ಆ ಮಾತ್ರೆಯನ್ನು ದೇಹ ಪೂರ್ತಿ ಹೀರಿಕೊಳ್ಳದಂತೆ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ ಕುಡಿಯಲಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಗರ್ಭಾವಸ್ಥೆಯಲ್ಲಿ ಥೈರಾಕ್ಸಿನ್ ಪ್ರಮಾಣ ಹೆಚ್ಚಿಸಬೇಕಾಗಿ ಬರುವುದು ಸಾಮಾನ್ಯ. ಆದ್ದರಿಂದ ಸದ್ಯಕ್ಕೆ ನಾಲ್ಕು ವಾರಗಳಿಗೊಮ್ಮೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮಾಡುವ ಥೈರಾಯ್ಡ್ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿಕೊಳ್ಳಿ.