ಕ್ಯಾಶ್ ಅಳಿಸಿದರೆ ಹೋಗುವುದೇನು, ಉಳಿಯುವುದೇನು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬ್ರೌಸರ್ ಮತ್ತು ಆ್ಯಪ್‌ಗಳ ಕ್ಯಾಶ್ ಕುರಿತಾದವು. ಒಂದರ ಉತ್ತರ ಇನ್ನೊಂದಕ್ಕೂ ಬೇಕಾಗುವುದರಿಂದ ಎಲ್ಲವನ್ನೂ ಒಟ್ಟಿಗೇ ಕೊಡುತ್ತಿದ್ದೇವೆ.

ಪ್ರಶ್ನೆ: ಆಂಡ್ರಾಯ್ಡ್ ಫೋನಿನಲ್ಲಿ ಜಾಗ ಸಾಲುತ್ತಿಲ್ಲ. ಆ್ಯಪ್ ಮಾಹಿತಿ ತೆರೆದರೆ ‘ಕ್ಲಿಯರ್ ಸ್ಟೋರೇಜ್’, ‘ಕ್ಲಿಯರ್ ಕ್ಯಾಶ್’ ಎಂಬ ಎರಡು ಬಟನ್ ಕಾಣುತ್ತವೆ. ಯಾವುದನ್ನು ಒತ್ತಿದರೆ ನನ್ನ ಫೋಟೊ, ಮೆಸೇಜುಗಳಿಗೆ ತೊಂದರೆಯಿಲ್ಲ?

‘ಕ್ಲಿಯರ್ ಕ್ಯಾಶ್’ ಒತ್ತಿ. ಇನ್ನೊಂದನ್ನು ಮುಟ್ಟುವ ಮೊದಲು ಮುಂದಿನದನ್ನು ಪೂರ್ತಿ ಓದಿ.

ಮತ್ತೆ ಬೇಕಾದೀತು ಎಂದು ಆ್ಯಪ್ ಕೈಗೆಟುಕುವ ಹಾಗೆ ಇಟ್ಟುಕೊಂಡ ನಕಲುಗಳೇ ಕ್ಯಾಶ್. ವಿಡಿಯೊಗಳ ಪುಟ್ಟ ಚಿತ್ರ, ಇತರರ ಪ್ರೊಫೈಲ್ ಫೋಟೊ, ನೀವು ಸರಿಸಿ ನೋಡಿದ ನಕ್ಷೆಯ ತುಂಡುಗಳು ಇದರಲ್ಲಿರುತ್ತವೆ. ಇವುಗಳ ಮೂಲ ಸರ್ವರಿನಲ್ಲಿದೆ. ನಕಲು ಹೋದರೆ ಮುಂದಿನ ಸಲ ಮತ್ತೆ ಇಳಿಯುತ್ತದೆ, ಆಗ ಒಂದಿಷ್ಟು ಡೇಟಾ ಖರ್ಚಾಗುತ್ತದೆ, ಅಷ್ಟೆ.

‘ಕ್ಲಿಯರ್ ಸ್ಟೋರೇಜ್’ ಹಾಗಲ್ಲ. ಕೆಲವು ಫೋನುಗಳಲ್ಲಿ ಇದನ್ನೇ ‘ಕ್ಲಿಯರ್ ಡೇಟಾ’ ಎಂದು ತೋರಿಸುತ್ತಾರೆ. ಅದು ಆ್ಯಪನ್ನು ಇನ್‌ಸ್ಟಾಲ್ ಮಾಡಿದ ಮೊದಲ ದಿನದ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಲಾಗಿನ್, ಸೆಟ್ಟಿಂಗ್, ಕಳಿಸದೆ ಉಳಿದ ಡ್ರಾಫ್ಟ್, ಆ್ಯಪಿನೊಳಗೆ ಇಳಿಸಿಟ್ಟ ಹಾಡು-ಸಿನಿಮಾ ಎಲ್ಲವೂ ಹೋಗುತ್ತವೆ. ವಾಟ್ಸ್‌ಆ್ಯಪ್‌ನ ಚಾಟ್‌ಗಳು ಫೋನಿನಲ್ಲೇ ಇರುವುದರಿಂದ ಬ್ಯಾಕಪ್ ಇಲ್ಲದಿದ್ದರೆ ಮರಳಿ ಸಿಗುವುದಿಲ್ಲ. ಟೆಲಿಗ್ರಾಂನ ಸಾಮಾನ್ಯ ಚಾಟ್‌ಗಳು ಸರ್ವರಿನಲ್ಲಿರುವುದರಿಂದ ಮತ್ತೆ ಲಾಗಿನ್ ಆದ ಮೇಲೆ ಬರುತ್ತವೆ, ಆದರೆ ಅದರ ಸೀಕ್ರೆಟ್ ಚಾಟ್‌ಗಳು ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಲಾಗಿನ್‌ಗೆ ಆರಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ಗಳಲ್ಲಿ. ಕೋಡ್ ಹುಟ್ಟಿಸುವ ರಹಸ್ಯ ಕೀಲಿ ಆ್ಯಪಿನ ಡೇಟಾದಲ್ಲೇ ಇರುತ್ತದೆ. ಬ್ಯಾಕಪ್ ಅಥವಾ ಸಿಂಕ್ ಇಲ್ಲದೆ ಅದನ್ನು ಅಳಿಸಿದರೆ ನಿಮ್ಮದೇ ಖಾತೆಯ ಹೊರಗೆ ನೀವು ನಿಲ್ಲಬೇಕಾಗುತ್ತದೆ.

ದಾರಿ ಹೀಗಿದೆ: ಆ್ಯಪ್ ಐಕಾನನ್ನು ಒತ್ತಿ ಹಿಡಿಯಿರಿ, ‘ಆ್ಯಪ್ ಇನ್ಫೋ’ಗೆ ಹೋಗಿ, ‘ಸ್ಟೋರೇಜ್ ಅಂಡ್ ಕ್ಯಾಶ್’ ತೆರೆಯಿರಿ. ಒತ್ತುವ ಮೊದಲು ಅಲ್ಲಿರುವ ಅಂಕಿಗಳನ್ನು ಓದಿ. ಆ್ಯಪ್ 180 ಎಂಬಿ, ಯೂಸರ್ ಡೇಟಾ 6.2 ಜಿಬಿ, ಕ್ಯಾಶ್ 90 ಎಂಬಿ ಎಂದಿದ್ದರೆ ಕ್ಯಾಶ್ ಅಳಿಸಿ ಪ್ರಯೋಜನವಿಲ್ಲ. ಭಾರ ಇರುವುದು ಡೇಟಾದಲ್ಲಿ, ಅದನ್ನು ಆ್ಯಪಿನ ಒಳಗಿನಿಂದಲೇ ಆರಿಸಿ ಅಳಿಸಬೇಕು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ಇದೆ. 5 ಎಂಬಿಗಿಂತ ದೊಡ್ಡ ಫೈಲುಗಳು ಅಲ್ಲಿ ಒಂದೆಡೆ ಸಿಗುತ್ತವೆ. ನಾಲ್ಕು ಹಳೆಯ ವಿಡಿಯೊ ತೆಗೆದರೆ ಸಿಗುವ ಜಾಗ ಹತ್ತು ಆ್ಯಪ್‌ಗಳ ಕ್ಯಾಶ್ ಅಳಿಸಿದರೂ ಸಿಗದಿರಬಹುದು. ಟೆಲಿಗ್ರಾಂನಲ್ಲಿ ‘ಡೇಟಾ ಅಂಡ್ ಸ್ಟೋರೇಜ್’ನ ಒಳಗೆ ‘ಸ್ಟೋರೇಜ್ ಯೂಸೇಜ್’ ಎಂದಿದೆ. ಮೀಡಿಯಾ ಎಷ್ಟು ದಿನ ಫೋನಿನಲ್ಲಿರಬೇಕು ಎಂದು ಅಲ್ಲಿ ಒಮ್ಮೆ ಹೇಳಿಟ್ಟರೆ ಸಾಕು.

ಪ್ರಶ್ನೆ: ಒಂದು ಸಂಸ್ಥೆಯ ವೆಬ್‌ಸೈಟಿನಲ್ಲಿ ಅರ್ಜಿ ನಮೂನೆ ಬದಲಾಗಿದೆಯಂತೆ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಹೊಸದು ಕಾಣುತ್ತದೆ, ನನ್ನದರಲ್ಲಿ ಎಷ್ಟು ಸಲ ರಿಲೋಡ್ ಮಾಡಿದರೂ ಹಳೆಯ ಪಿಡಿಎಫ್ ಬರುತ್ತದೆ. ಏಕೆ?

ಸರ್ವರ್ ಪ್ರತಿ ಫೈಲಿನ ಜೊತೆ ಒಂದು ಸೂಚನೆಯನ್ನೂ ಕಳಿಸುತ್ತದೆ. ‘ಕ್ಯಾಶ್-ಕಂಟ್ರೋಲ್’ ಎಂಬ ಆ ಸಾಲಿನಲ್ಲಿ ‘ಮ್ಯಾಕ್ಸ್-ಏಜ್’ ಎಂದು ಸೆಕೆಂಡುಗಳ ಲೆಕ್ಕದಲ್ಲಿ ಆಯಸ್ಸು ಬರೆದಿರುತ್ತದೆ. 3600 ಎಂದರೆ ಒಂದು ಗಂಟೆ, 86400 ಒಂದು ದಿನ, 31536000 ಒಂದು ವರ್ಷ. ಆ ಅವಧಿ ಮುಗಿಯುವವರೆಗೆ ಬ್ರೌಸರ್ ಸರ್ವರನ್ನು ಕೇಳುವ ಗೋಜಿಗೇ ಹೋಗದೆ ತನ್ನ ಬಳಿಯ ನಕಲನ್ನು ತೋರಿಸಬಹುದು. ಅವಧಿ ಮುಗಿದ ಮೇಲೆ ‘ಇದು ಬದಲಾಗಿದೆಯೇ?’ ಎಂದು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ ಫೈಲನ್ನು ಮತ್ತೆ ಕಳಿಸುವುದಿಲ್ಲ, 304 ಎಂಬ ಸಂಖ್ಯೆಯ ಚುಟುಕು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ವೆಬ್‌ಸೈಟಿನವರು ಹಳೆಯ ಪಿಡಿಎಫ್ ತೆಗೆದು ಅದೇ ಹೆಸರಿನಲ್ಲಿ ಹೊಸದನ್ನು ಇಟ್ಟಿದ್ದರೆ, ನಿಮ್ಮ ನಕಲಿನ ಆಯಸ್ಸು ಇನ್ನೂ ಉಳಿದಿದ್ದರೆ, ನಿಮಗೆ ಹಳೆಯದೇ ಕಾಣುತ್ತದೆ. ಗೆಳೆಯ ಆ ಫೈಲನ್ನು ಮೊದಲ ಸಲ ತೆರೆದಿರಬೇಕು, ಅದಕ್ಕೇ ಅವನಿಗೆ ಹೊಸದು ಸಿಕ್ಕಿತು.

ಮೊದಲು ತಪ್ಪು ಎಲ್ಲಿದೆ ನೋಡಿ. ಅದೇ ವಿಳಾಸವನ್ನು ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆಯಿರಿ. ಅದು ನಿಮ್ಮ ಮಾಮೂಲಿ ಕ್ಯಾಶನ್ನು ಬಳಸುವುದಿಲ್ಲ. ಅಲ್ಲಿ ಹೊಸದು ಬಂದರೆ ತೊಡಕು ನಿಮ್ಮ ಬ್ರೌಸರಿನಲ್ಲಿದೆ ಎಂದರ್ಥ. ಅಲ್ಲೂ ಹಳೆಯದೇ ಬಂದರೆ ಹಳೆಯ ನಕಲು ಸರ್ವರಿನ ಕಡೆ, ಅಥವಾ ಮಧ್ಯೆ ಇರುವ ಸಿಡಿಎನ್‌ನಲ್ಲಿ (ಸೈಟಿನ ಫೈಲುಗಳ ನಕಲನ್ನು ಹಲವು ಕಡೆ ಇಟ್ಟು ಹಂಚುವ ಸರ್ವರುಗಳ ಜಾಲದಲ್ಲಿ) ಕೂತಿರುವ ಸಾಧ್ಯತೆಯೇ ಹೆಚ್ಚು. ಆಗ ನೀವು ಏನು ಅಳಿಸಿದರೂ ಉಪಯೋಗವಿಲ್ಲ, ಸೈಟಿನವರಿಗೇ ತಿಳಿಸಬೇಕು.

ತೊಡಕು ನಿಮ್ಮಲ್ಲೇ ಇದ್ದರೆ ಹಾರ್ಡ್ ರಿಲೋಡ್ ಮಾಡಿ, ಅಂದರೆ ಕ್ಯಾಶಿನ ನಕಲನ್ನು ಬಿಟ್ಟು ಸರ್ವರಿನಿಂದಲೇ ಹೊಸದಾಗಿ ತರಿಸಿ. ವಿಂಡೋಸ್‌ನಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರಕ್ಕೂ ಕಂಟ್ರೋಲ್+ಶಿಫ್ಟ್+ಆರ್. ಮ್ಯಾಕ್‌ನಲ್ಲಿ ಕಮಾಂಡ್+ಶಿಫ್ಟ್+ಆರ್, ಸಫಾರಿಯಲ್ಲಿ ಮಾತ್ರ ಕಮಾಂಡ್+ಆಪ್ಷನ್+ಆರ್. ಇಲ್ಲಿ ಬಹಳ ಮಂದಿ ಎಡವುವುದು ಒಂದೇ ಕಡೆ. ಪಿಡಿಎಫ್‌ನ ಲಿಂಕ್ ಇರುವ ಪುಟದಲ್ಲಿ ನಿಂತು ಹಾರ್ಡ್ ರಿಲೋಡ್ ಮಾಡಿ, ಆಮೇಲೆ ಲಿಂಕ್ ಒತ್ತುತ್ತಾರೆ. ಆಗ ಹೊಸದಾಗಿ ಬರುವುದು ಆ ಪುಟ ಮಾತ್ರ, ಪಿಡಿಎಫ್ ಹಳೆಯ ನಕಲಿನಿಂದಲೇ ತೆರೆದುಕೊಳ್ಳುತ್ತದೆ. ಪಿಡಿಎಫ್ ತೆರೆದಿರುವ ಟ್ಯಾಬಿಗೇ ಹೋಗಿ ಒತ್ತಬೇಕು.

ಕಣ್ಣಾರೆ ನೋಡಬೇಕೆಂದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ವಿಭಾಗ ತೆರೆದು ಪುಟವನ್ನು ರಿಲೋಡ್ ಮಾಡಿ. ‘ಸೈಜ್’ ಎಂಬ ಕಾಲಮ್ಮಿನಲ್ಲಿ ಕೆಲವು ಫೈಲುಗಳ ಎದುರು ಗಾತ್ರದ ಬದಲು ‘ಡಿಸ್ಕ್ ಕ್ಯಾಶ್’ ಅಥವಾ ‘ಮೆಮೊರಿ ಕ್ಯಾಶ್’ ಎಂದಿರುತ್ತದೆ. ಅವು ನೆಟ್‌ನಿಂದ ಬರಲೇ ಇಲ್ಲ. ಈ ವಿಭಾಗ ತೆರೆದಿರುವಾಗ ಬ್ರೌಸರಿನ ರಿಲೋಡ್ ಬಟನ್ನನ್ನು ಒತ್ತಿ ಹಿಡಿದರೆ ಮೂರು ಆಯ್ಕೆಗಳು ಇಳಿಯುತ್ತವೆ. ಕೊನೆಯದು ‘ಎಂಪ್ಟಿ ಕ್ಯಾಶ್ ಅಂಡ್ ಹಾರ್ಡ್ ರಿಲೋಡ್’. ಸಾದಾ ಹಾರ್ಡ್ ರಿಲೋಡ್ ಸೋತ ಕಡೆ ಇದು ಕೆಲಸ ಮಾಡುತ್ತದೆ.

ಫೋನಿನ ಕ್ರೋಮ್‌ನಲ್ಲಿ ಈ ಕೀಲಿಗಳಿಲ್ಲ. ಮೂರು ಚುಕ್ಕಿಯ ಮೆನುವಿನಲ್ಲಿ ‘ಡಿಲೀಟ್ ಬ್ರೌಸಿಂಗ್ ಡೇಟಾ’ ತೆರೆದು ‘ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್’ ಒಂದಕ್ಕೇ ಟಿಕ್ ಉಳಿಸಿ. ಮೇಲಿರುವ ಅವಧಿಯನ್ನು ‘ಆಲ್ ಟೈಮ್’ ಮಾಡುವುದನ್ನು ಮರೆಯಬೇಡಿ. ಅಲ್ಲಿ ‘ಕಳೆದ 15 ನಿಮಿಷ’ ಎಂದೇ ಉಳಿದಿದ್ದರೆ ಹೋದ ವಾರದ ನಕಲು ಹಾಗೇ ಉಳಿಯಬಹುದು.

ಪ್ರಶ್ನೆ: ಕ್ಯಾಶ್ ಅಳಿಸಲು ಹೋಗಿ ಎಲ್ಲ ಸೈಟುಗಳಿಂದಲೂ ಲಾಗ್ಔಟ್ ಆದೆ. ಟ್ಯಾಬ್ಲೆಟ್‌ನಲ್ಲಿದ್ದ ಹಿಸ್ಟರಿಯೂ ಮಾಯವಾಗಿದೆ. ಏನು ತಪ್ಪು ಮಾಡಿದೆ?

ಕಂಟ್ರೋಲ್+ಶಿಫ್ಟ್+ಡಿಲೀಟ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಹಿಸ್ಟರಿ, ಕುಕೀಸ್, ಕ್ಯಾಶ್ ಎಂಬ ಮೂರಕ್ಕೂ ಟಿಕ್ ಇದ್ದಿರಬೇಕು. ನೀವು ಮೊದಲೆರಡನ್ನು ತೆಗೆಯದೆ ಅಳಿಸಿದ್ದೀರಿ. ಇದು ಅಜಾಗ್ರತೆ ಎನ್ನಲಾಗದು, ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಬಟನ್ನಿಗೆ ಕಟ್ಟಿರುವುದು ಬಳಸುವವರಿಗೆ ನಿಜಕ್ಕೂ ಕಷ್ಟ. ಕುಕಿಯೇ ನಿಮ್ಮ ಲಾಗಿನ್ ಚೀಟಿ. ಅದು ಹೋದರೆ ಸೈಟಿಗೆ ನಿಮ್ಮ ಗುರುತು ಸಿಗುವುದಿಲ್ಲ. ಹಿಸ್ಟರಿಯ ವಿಷಯದಲ್ಲಿ, ಸಿಂಕ್ ಆನ್ ಇದ್ದರೆ ಒಂದು ಕಡೆ ಅಳಿಸಿದ್ದು ಅದೇ ಖಾತೆಯ ಬೇರೆ ಸಾಧನಗಳಲ್ಲೂ ಅಳಿಯುತ್ತದೆ. ಸೇವ್ ಮಾಡಿದ ಪಾಸ್‌ವರ್ಡ್‌ಗಳಿಗೂ ಇದೇ ನಿಯಮ, ಆ ಸಾಲಿನ ಟಿಕ್ಕನ್ನು ಎಂದೂ ಹಾಕಬೇಡಿ. ಬುಕ್‌ಮಾರ್ಕ್‌ಗಳು ಈ ಪಟ್ಟಿಯಲ್ಲೇ ಇಲ್ಲ, ನಿಮ್ಮವು ಇದ್ದಲ್ಲೇ ಇವೆ.

ಫೈರ್‌ಫಾಕ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯ ಕೆಳಗಿನ ‘ಕ್ಲಿಯರ್ ಡೇಟಾ’ದಲ್ಲೂ ಕ್ಯಾಶಿಗೆ ಪ್ರತ್ಯೇಕ ಟಿಕ್ ಇದೆ. ತೊಂದರೆ ಕೊಡುತ್ತಿರುವುದು ಒಂದೇ ಸೈಟ್ ಆದರೆ ಇಷ್ಟೂ ಬೇಡ. ವಿಳಾಸ ಪಟ್ಟಿಯ ಎಡತುದಿಯ ಐಕಾನ್ ಒತ್ತಿ, ಆ ಸೈಟಿನ ಡೇಟಾ ಮಾತ್ರ ಅಳಿಸಿ. ಒಂದು ಸೈಟಿನಿಂದ ಲಾಗ್ಔಟ್ ಆಗುತ್ತೀರಿ, ಉಳಿದವು ಉಳಿಯುತ್ತವೆ.

ಪ್ರಶ್ನೆ: ಒಂದು ಸೈಟ್ ತೆರೆದರೆ ‘400 ಬ್ಯಾಡ್ ರಿಕ್ವೆಸ್ಟ್, ಕುಕಿ ಟೂ ಲಾರ್ಜ್’ ಎಂದು ಬರುತ್ತದೆ. ಕ್ಯಾಶ್ ಅಳಿಸಿದರೂ ಹೋಗಲಿಲ್ಲ.

ಹೋಗುವುದಿಲ್ಲ, ಏಕೆಂದರೆ ಇಲ್ಲಿ ಕ್ಯಾಶಿನ ತಪ್ಪಿಲ್ಲ. ಆ ಸೈಟಿನ ಕುಕಿಗಳು ಬೆಳೆದು ಸರ್ವರ್ ಒಪ್ಪುವ ಮಿತಿ ಮೀರಿವೆ. ಅದೊಂದೇ ಸೈಟಿನ ಕುಕಿಗಳನ್ನು ಮೇಲೆ ಹೇಳಿದ ಹಾಗೆ ಅಳಿಸಿ. ‘ಟೂ ಮೆನಿ ರಿಡೈರೆಕ್ಟ್ಸ್’ ಎಂಬ ದೋಷ ಕಂಡಾಗಲೂ ಮೊದಲು ಮಾಡಬೇಕಾದದ್ದು ಇದೇ.

ಪ್ರಶ್ನೆ: ಪ್ರತಿದಿನ ಕ್ಯಾಶ್ ತೆಗೆದರೆ ಫೋನ್ ವೇಗವಾಗುತ್ತದೆಯೇ? ಇದಕ್ಕೆ ಕ್ಲೀನರ್ ಆ್ಯಪ್ ಹಾಕಿಕೊಳ್ಳಬಹುದೇ?

ಎರಡೂ ಬೇಡ. ಕ್ಯಾಶ್ ಇರುವುದೇ ವೇಗಕ್ಕಾಗಿ. ದಿನವೂ ಅಳಿಸಿದರೆ ಆ್ಯಪ್‌ಗಳು ದಿನವೂ ಅದನ್ನೇ ಮತ್ತೆ ಇಳಿಸುತ್ತವೆ. ಡೇಟಾ, ಬ್ಯಾಟರಿ, ಸಮಯ ಮೂರೂ ವ್ಯರ್ಥ. ಫೋನಿನ ಸ್ಟೋರೇಜ್ ಪೂರ್ತಿ ತುಂಬುವ ಹಂತಕ್ಕೆ ಬಂದಾಗ ನಿಧಾನವಾಗುವುದು ನಿಜ. ಆಗ ಜಾಗ ಮಾಡಿಕೊಡುವುದರಲ್ಲಿ ಅರ್ಥವಿದೆ. ಅದನ್ನೂ ಆಂಡ್ರಾಯ್ಡ್ ತಾನೇ ನೋಡಿಕೊಳ್ಳುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪಿನ ಕ್ಯಾಶಿಗೂ ಒಂದು ಪಾಲು ಗೊತ್ತುಪಡಿಸಲಾಗಿದೆ. ಜಾಗ ಕಡಿಮೆಯಾದಾಗ ತನ್ನ ಪಾಲು ಮೀರಿದ ಆ್ಯಪಿನ ಕ್ಯಾಶ್ ಮೊದಲು ಹೋಗುತ್ತದೆ.

ಕ್ಲೀನರ್ ಆ್ಯಪ್‌ಗಳ ವಿಷಯದಲ್ಲಿ ನಮ್ಮ ಮಾತು ಇನ್ನೂ ಖಚಿತ. ಒಂದು ಮಾಮೂಲಿ ಆ್ಯಪ್ ಇನ್ನೊಂದರ ಖಾಸಗಿ ಕ್ಯಾಶನ್ನು ನೇರವಾಗಿ ಅಳಿಸಲು ಈಗಿನ ಆಂಡ್ರಾಯ್ಡ್ ಬಿಡುವುದಿಲ್ಲ. ಹಾಗಾಗಿ ಕೆಲವು ಕ್ಲೀನರ್‌ಗಳು ‘ಆಕ್ಸೆಸಿಬಿಲಿಟಿ’ ಅನುಮತಿ ಕೇಳಿ, ನಿಮ್ಮ ಪರವಾಗಿ ಸೆಟ್ಟಿಂಗ್ಸ್ ತೆರೆದು ಬಟನ್ ಒತ್ತುತ್ತವೆ. ಆ ಅನುಮತಿ ಇದ್ದ ಆ್ಯಪ್ ಪರದೆಯ ಮೇಲಿನ ಬರಹವನ್ನು ಓದಬಲ್ಲದು, ನಿಮ್ಮ ಬದಲು ಒತ್ತಬಲ್ಲದು. ನೂರು ಎಂಬಿ ಜಾಗಕ್ಕಾಗಿ ಅಷ್ಟು ದೊಡ್ಡ ಅಧಿಕಾರವನ್ನು ಯಾರಿಗೂ ಕೊಡಬೇಡಿ.

ಪ್ರಶ್ನೆ: ಐಫೋನ್‌ನಲ್ಲಿ ‘ಕ್ಲಿಯರ್ ಕ್ಯಾಶ್’ ಎಲ್ಲಿದೆ?

ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವ ಅಂಥ ಬಟನ್ ಐಫೋನ್‌ನಲ್ಲಿ ಇಲ್ಲ. ಕೆಲವು ಆ್ಯಪ್‌ಗಳು ತಮ್ಮ ಸೆಟ್ಟಿಂಗ್ಸ್‌ನ ಒಳಗೇ ಇಟ್ಟಿರುತ್ತವೆ, ಮೊದಲು ಅಲ್ಲಿ ಹುಡುಕಿ. ಇಲ್ಲದಿದ್ದರೆ ಸೆಟ್ಟಿಂಗ್ಸ್, ಜನರಲ್, ‘ಐಫೋನ್ ಸ್ಟೋರೇಜ್’ಗೆ ಹೋಗಿ ಆ್ಯಪ್ ಒತ್ತಿ. ಅಲ್ಲಿ ‘ಆಫ್‌ಲೋಡ್ ಆ್ಯಪ್’, ‘ಡಿಲೀಟ್ ಆ್ಯಪ್’ ಎಂಬ ಎರಡು ದಾರಿಗಳಿವೆ. ಆಫ್‌ಲೋಡ್ ಮಾಡಿದರೆ ಆ್ಯಪ್ ಹೋಗಿ ಅದರ ಡೇಟಾ ಉಳಿಯುತ್ತದೆ, ಹಾಗಾಗಿ ಉಬ್ಬಿದ ಡೇಟಾಕ್ಕೆ ಅದು ಮದ್ದಲ್ಲ. ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಎರಡೂ ಹೋಗುತ್ತವೆ. ಅದಕ್ಕೆ ಮುಂಚೆ ಪಾಸ್‌ವರ್ಡ್ ಮತ್ತು ಬ್ಯಾಕಪ್ ಖಚಿತಪಡಿಸಿಕೊಳ್ಳಿ. ಸಫಾರಿಯ ‘ಕ್ಲಿಯರ್ ಹಿಸ್ಟರಿ ಅಂಡ್ ವೆಬ್‌ಸೈಟ್ ಡೇಟಾ’ ಕುಕಿಗಳನ್ನೂ ಹಿಸ್ಟರಿಯನ್ನೂ ಸೇರಿಸಿಯೇ ಅಳಿಸುತ್ತದೆ. ಒಂದೇ ಸೈಟ್ ಸಾಕೆಂದರೆ ಸಫಾರಿ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ‘ಅಡ್ವಾನ್ಸ್ಡ್’, ಅದರೊಳಗೆ ‘ವೆಬ್‌ಸೈಟ್ ಡೇಟಾ’ ತೆರೆದು ಆ ಹೆಸರನ್ನು ಎಡಕ್ಕೆ ಸರಿಸಿ.

ಪ್ರಶ್ನೆ: ಬೇರೆಯವರೂ ಬಳಸುವ ಕಂಪ್ಯೂಟರಿನಲ್ಲಿ ಮೇಲ್ ನೋಡಿದೆ. ಕ್ಯಾಶ್ ಅಳಿಸಿ ಬಂದಿದ್ದೇನೆ, ಸಾಕೇ?

ಸಾಲದು. ಕ್ಯಾಶ್ ಹೋದರೂ ಕುಕಿ ಉಳಿದಿದ್ದರೆ ಮುಂದಿನವರು ಬ್ರೌಸರ್ ತೆರೆದ ಕೂಡಲೇ ನಿಮ್ಮ ಮೇಲ್ ತೆರೆದುಕೊಳ್ಳಬಹುದು. ಈಗಲೇ ನಿಮ್ಮ ಫೋನಿನಿಂದ ಮೇಲ್ ಖಾತೆಯ ಭದ್ರತಾ ಸೆಟ್ಟಿಂಗ್‌ಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಆ ಕಂಪ್ಯೂಟರನ್ನು ಸೈನ್ಔಟ್ ಮಾಡಿ. ಇನ್ನು ಮುಂದೆ ಅಂಥ ಕಡೆ ಇನ್‌ಕಾಗ್ನಿಟೊದಲ್ಲೇ ತೆರೆಯಿರಿ, ಮುಗಿದ ಮೇಲೆ ಲಾಗ್ಔಟ್ ಒತ್ತಿ, ಇನ್‌ಕಾಗ್ನಿಟೊ ವಿಂಡೋಗಳನ್ನೆಲ್ಲ ಮುಚ್ಚಿ. ಡೌನ್‌ಲೋಡ್ ಮಾಡಿದ ಫೈಲುಗಳನ್ನು ಮಾತ್ರ ಕೈಯಾರೆ ಅಳಿಸಬೇಕು, ಇನ್‌ಕಾಗ್ನಿಟೊ ಅವನ್ನು ತೆಗೆಯುವುದಿಲ್ಲ.

ಪ್ರಶ್ನೆ: ನಾನೇ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತೇನೆ. ವಿನ್ಯಾಸ ಬದಲಿಸಿದಾಗಲೆಲ್ಲ ‘ಕ್ಯಾಶ್ ಕ್ಲಿಯರ್ ಮಾಡಿ’ ಎಂದು ಓದುಗರಿಗೆ ಹೇಳಬೇಕಾಗುತ್ತಿದೆ.

ಓದುಗರಿಗೆ ಆ ಕೆಲಸ ಹಚ್ಚಬೇಡಿ, ಅದು ನಿಮ್ಮ ಕಡೆಯಿಂದ ಸರಿಯಾಗಬೇಕಾದದ್ದು. ಸಿಎಸ್ಎಸ್, ಸ್ಕ್ರಿಪ್ಟ್, ಚಿತ್ರಗಳನ್ನು ಬದಲಿಸಿದಾಗ ಫೈಲಿನ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆಯನ್ನು ಬದಲಿಸಿ. ಹೆಸರು ಬೇರೆಯಾದರೆ ಬ್ರೌಸರಿಗೆ ಅದು ಹೊಸ ಫೈಲು, ಹಳೆಯ ನಕಲಿನ ಪ್ರಶ್ನೆಯೇ ಬರುವುದಿಲ್ಲ. ಇಂಥ ಫೈಲುಗಳಿಗೆ ಒಂದು ವರ್ಷದ ಆಯಸ್ಸನ್ನು ಧೈರ್ಯವಾಗಿ ಕೊಡಬಹುದು. ಅವುಗಳನ್ನು ಕರೆಯುವ ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ‘ನೋ-ಕ್ಯಾಶ್’ ಹಾಕಿ. ಈ ಪದ ಹಲವರ ದಾರಿ ತಪ್ಪಿಸುತ್ತದೆ. ನಕಲು ಇಟ್ಟುಕೊಳ್ಳಬೇಡ ಎಂದು ಅದರ ಅರ್ಥವಲ್ಲ, ಇಟ್ಟುಕೋ ಆದರೆ ತೋರಿಸುವ ಮುನ್ನ ಪ್ರತಿ ಸಲ ನನ್ನನ್ನು ಕೇಳು ಎಂದು. ಇಟ್ಟುಕೊಳ್ಳಲೇಬೇಡ ಎನ್ನಲು ‘ನೋ-ಸ್ಟೋರ್’ ಇದೆ, ಅದನ್ನು ಓದುಗರ ಖಾಸಗಿ ವಿವರವಿರುವ ಪುಟಗಳಿಗೆ ಮೀಸಲಿಡಿ.

ಇಷ್ಟಾದರೂ ಹಳೆಯದೇ ಕಂಡರೆ ನಿಮ್ಮ ಸೈಟಿನಲ್ಲಿ ಸರ್ವಿಸ್ ವರ್ಕರ್ (ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸೈಟಿನ ಸ್ಕ್ರಿಪ್ಟ್) ಇದೆಯೇ ನೋಡಿ. ಅದು ತನ್ನದೇ ಪ್ರತ್ಯೇಕ ಸಂಗ್ರಹದಿಂದ ಪುಟಗಳನ್ನು ಕೊಡಬಲ್ಲದು. ಎಫ್12 ಒತ್ತಿ ‘ಅಪ್ಲಿಕೇಷನ್’ ವಿಭಾಗದಲ್ಲಿ ಅದನ್ನು ‘ಅನ್‌ರಿಜಿಸ್ಟರ್’ ಮಾಡಿ ಪರೀಕ್ಷಿಸಿ. ಆಗ ಸರಿಹೋದರೆ ದೋಷ ಸರ್ವಿಸ್ ವರ್ಕರ್ ಫೈಲಿನಲ್ಲಿದೆ. ಹೊಸ ಆವೃತ್ತಿ ಬಂದಾಗ ಹಳೆಯ ಸಂಗ್ರಹವನ್ನು ಅಳಿಸುವ ಸಾಲು ಅದರಲ್ಲಿ ಬಿಟ್ಟುಹೋಗಿರಬೇಕು.