ತಮ್ಮನ ಹತ್ತಿರ ಬಡ್ಡಿ ತಗೊಂಡರೆ ತಪ್ಪಾ?

ಚಿಕ್ಕಬಳ್ಳಾಪುರದಿಂದ ಅಕ್ಕ ಒಬ್ಬರು ಬರೆದಿದ್ದಾರೆ. ಗಂಡನ ಜೊತೆ ಸಣ್ಣ ಅಂಗಡಿ ನಡೆಸುತ್ತಾರೆ. ಐದು ವರ್ಷ ಚೀಟಿ ಕಟ್ಟಿ ಮಗಳ ಓದಿಗೆ ಅಂತ 3 ಲಕ್ಷ ಕೂಡಿಸಿದ್ದಾರೆ. ಮಗಳು ಈಗ ಸೆಕೆಂಡ್ ಪಿಯುಸಿ. ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ತಮ್ಮನಿಗೆ ಒಂದು ಎಕರೆ ಹಿಪ್ಪುನೇರಳೆ, ಎರಡು ಹಸು. ಹಳೇ ಬೋರ್ ಬತ್ತಿದೆ, ಹೊಸದು ಕೊರೆಸೋಕೆ ಆ 3 ಲಕ್ಷ ಕೇಳುತ್ತಿದ್ದಾನೆ. ಗಂಡ ಹೇಳೋದು, ‘ಹೊರಗೆ ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ಬರುತ್ತೆ, ನಿನ್ನ ತಮ್ಮನೂ ಅಷ್ಟೇ ಕೊಡಲಿ.’ ಅಮ್ಮ ಹೇಳೋದು, ‘ಒಡಹುಟ್ಟಿದವನ ಹತ್ತಿರ ಬಡ್ಡಿ ಎಣಿಸ್ತೀಯಾ?’ ಇಬ್ಬರ ಮಧ್ಯೆ ಸಿಕ್ಕಿ ರಾತ್ರಿ ನಿದ್ದೆ ಇಲ್ಲ ಅಂತ ಬರೆದಿದ್ದೀರಿ ಅಕ್ಕ.

ಮೊದಲು ಯಜಮಾನರ ಮಾತು ನೋಡೋಣ. ಎರಡು ರೂಪಾಯಿ ಬಡ್ಡಿ ಅಂದರೆ ಕೇಳೋಕೆ ಕಡಿಮೆ ಅನಿಸುತ್ತೆ. ಅದು ತಿಂಗಳ ಲೆಕ್ಕ. 3 ಲಕ್ಷಕ್ಕೆ ತಿಂಗಳಿಗೆ 6,000, ವರ್ಷಕ್ಕೆ 72,000. ನೂರಕ್ಕೆ 24 ಆಯ್ತು. ನೀರು ಬೀಳುತ್ತೋ ಇಲ್ಲವೋ ಗೊತ್ತಿಲ್ಲದವನ ತಲೆ ಮೇಲೆ ಇಷ್ಟು ಭಾರ ಹೊರಿಸಬೇಡಿ. ಆದರೆ ಅಮ್ಮನ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. ಆ ದುಡ್ಡು ಬ್ಯಾಂಕಿನಲ್ಲಿ ಎಫ್‌ಡಿ ಆಗಿದ್ದರೆ ಸುಮಾರು 6 ಪರ್ಸೆಂಟ್ ಬರುತ್ತಿತ್ತು, ಅದು ನಿಮ್ಮ ಮಗಳದ್ದು. ಊರ ಲೆಕ್ಕದಲ್ಲಿ ಅರ್ಧ ರೂಪಾಯಿ ಬಡ್ಡಿ. ಅಷ್ಟು ಕೇಳಿದರೆ ತಪ್ಪೇನಿಲ್ಲ. ತಮ್ಮನಿಂದ ಲಾಭ ಮಾಡಿಕೊಂಡ ಹಾಗಲ್ಲ, ಮಗಳಿಗೆ ಆಗೋ ನಷ್ಟ ತುಂಬಿಕೊಂಡ ಹಾಗೆ.

ನನಗೆ ಬಡ್ಡಿಗಿಂತ ಬೋರ್‌ದೇ ಜಾಸ್ತಿ ಚಿಂತೆ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ಬರೀ ಧೂಳು ಹಾರಿದ್ದನ್ನು ನೀವೂ ನೋಡಿರುತ್ತೀರಿ. ಬೋರ್ ಲಾರಿ ಪಕ್ಕ ಮನೆಯವರೆಲ್ಲ ನಿಂತಿರುತ್ತಾರೆ, ಇನ್ನೊಂದು ನೂರು ಅಡಿ ಇಳಿಸೋಣ ಅಂತ ಯಾರೋ ಅಂತಾರೆ, ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಹಾಗಾಗಿ 3 ಲಕ್ಷ ಪೂರ್ತಿ ಕೊಡಬೇಡಿ. ಒಂದೂವರೆ ಲಕ್ಷ ಕೊಡಿ. ಉಳಿದದ್ದು ಮಗಳ ಕಾಲೇಜಿಗೆ, ಅದನ್ನು ಯಾರು ಅತ್ತರೂ ಮುಟ್ಟಬೇಡಿ. ಮಿಕ್ಕ ದುಡ್ಡಿಗೆ ತಮ್ಮ ಸಹಕಾರ ಸಂಘದಲ್ಲಿ ವಿಚಾರಿಸಲಿ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು 5 ಲಕ್ಷಕ್ಕೂ, 3 ಪರ್ಸೆಂಟ್ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 15 ಲಕ್ಷಕ್ಕೂ ಏರಿಸಿತು. ಕಾಗದ ಪತ್ರಕ್ಕೆ ನಾಲ್ಕು ದಿನ ಓಡಾಡಬೇಕಾಗುತ್ತೆ, ಓಡಾಡಲಿ. ಅಕ್ಕನನ್ನು ಕೇಳೋದು ಸುಲಭ ಅಂತ ಮೊದಲು ನಿಮ್ಮ ಹತ್ತಿರ ಬಂದಿರಬಹುದು.

ಕೊಡೋ ಮುಂಚೆಯೇ ಇದನ್ನು ಹೇಳಿಬಿಡಿ: ‘ನೀರು ಬಿದ್ದರೆ ಅರ್ಧ ರೂಪಾಯಿ ಬಡ್ಡಿ ಸೇರಿಸಿ ಕೊಡು. ಬೀಳದೇ ಹೋದರೆ ಬಡ್ಡಿ ಬೇಡ ಕಣೋ, ಅಸಲು ಮಾತ್ರ ಬೇಕು.’ ಅಕ್ಕ ಅನ್ನೋದಕ್ಕೆ ನೀವು ಬಿಟ್ಟುಕೊಡೋದು ಅಲ್ಲಿ. ಕಂತನ್ನೂ ತಿಂಗಳಿಗೆ ಇಷ್ಟು ಅಂತ ಇಡಬೇಡಿ. ರೇಷ್ಮೆ ಮನೆಯಲ್ಲಿ ದುಡ್ಡು ಬರೋದೇ ಗೂಡು ಮಾರಿದಾಗ. ವರ್ಷಕ್ಕೆ ಐದು ಬೆಳೆ ತೆಗೆಯುತ್ತಾನೆ ಅಂದರೆ ಬೆಳೆಗೆ 15,000, ಹತ್ತು ಬೆಳೆಗೆ ಅಸಲು ತೀರುತ್ತೆ. ಸುಣ್ಣಕಟ್ಟು ಬಂದು ಹುಳು ಹೋದರೆ ಆ ಬೆಳೆ ಕೇಳಬೇಡಿ. ನೀರೇ ಬೀಳದಿದ್ದರೆ ಹಾಲಿನ ಬಟವಾಡೆಯಿಂದ ತಿಂಗಳಿಗೆ 3,000 ಕೊಡಲಿ, ನಿಧಾನ ಆದರೂ ಪರವಾಗಿಲ್ಲ.

ಇಷ್ಟನ್ನೂ ಬರೆದಿಡಿ. ಸ್ವಂತ ತಮ್ಮನ ಹತ್ತಿರ ಪ್ರೋನೋಟಾ ಅಂತ ಮುಜುಗರ ಆಗುತ್ತೆ, ಗೊತ್ತು. ನಮ್ಮಪ್ಪ ತಮ್ಮ ದೊಡ್ಡಪ್ಪನ ಮಗನಿಗೆ ಆಗಾಗ ಕೈಸಾಲ ಕೊಟ್ಟಿದ್ದರು, ಬಡ್ಡಿನೂ ಇಲ್ಲ, ಬರಹನೂ ಇಲ್ಲ. ಕೊನೆಗೆ ಅಪ್ಪ 40,000 ಅಂದರು, ಅವರು 30,000 ಅಂದರು. ಇಬ್ಬರೂ ಸುಳ್ಳು ಹೇಳೋ ಜನ ಅಲ್ಲ, ಇಬ್ಬರಿಗೂ ಅವರವರ ಲೆಕ್ಕವೇ ನಿಜ. ಮಾತು ನಿಂತಿತು, ಮದುವೆಗಳಿಗೆ ಹೋಗೋದೂ ನಿಂತಿತು. ಎಷ್ಟೋ ವರ್ಷ ಆದಮೇಲೆ ಅಟ್ಟ ಗುಡಿಸುವಾಗ ಹಾಲಿನ ಲೆಕ್ಕ ಬರೆಯೋ ಹಳೇ ಕ್ಯಾಲೆಂಡರ್ ಸಿಕ್ಕಿತು. ಅದರ ಒಂದು ಮೂಲೆಯಲ್ಲಿ ಅಮ್ಮನ ಅಕ್ಷರ, ‘ಹಸು ತರೋಕೆ 10’. ಅಪ್ಪ ಆ ಹಾಳೆ ಹಿಡಿದುಕೊಂಡು ತುಂಬಾ ಹೊತ್ತು ಜಗಲಿ ಮೇಲೆ ಕೂತಿದ್ದರು. ತೋರಿಸೋಣ ಅಂದರೆ ಅವರು ತೀರಿಹೋಗಿ ಎರಡು ವರ್ಷ ಆಗಿತ್ತು.

ಪ್ರೋನೋಟಿಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ ಹಾಕಿಸಿ. ಅದರ ಆಯಸ್ಸು 3 ವರ್ಷ, ಅಷ್ಟರೊಳಗೆ ತೀರದಿದ್ದರೆ ಹೊಸದು ಬರೆಸಿಕೊಳ್ಳಿ. ಹಾಲಿನ ದುಡ್ಡಲ್ಲಿ ತೀರಿಸೋದಾದರೆ ನಾಲ್ಕು ವರ್ಷ ದಾಟುತ್ತೆ, ಆಗ ಇದು ನೆನಪಿರಲಿ. ದುಡ್ಡನ್ನು ಕೈಗೆ ಕೊಡಬೇಡಿ, ಅಕೌಂಟಿಗೆ ಹಾಕಿ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲ ನಗದಾಗಿ ತಗೊಂಡರೆ ಆದಾಯ ತೆರಿಗೆ ಕಾನೂನಿನಲ್ಲಿ ದಂಡ ಇದೆ, ಅದು ಬೀಳೋದು ತಗೊಂಡ ತಮ್ಮನ ಮೇಲೆ.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಮಕ್ಕಳ ಮಧ್ಯೆ ಬಡ್ಡಿ ಅನ್ನೋ ಮಾತು ಬಂದರೆ ಗೌರಿ ಹಬ್ಬಕ್ಕೆ ಮಗಳನ್ನು ಕರೆಯೋಕೆ ಮಗ ಹೋಗಲ್ಲ ಅನ್ನೋ ಭಯ ಅವರಿಗೆ. ಹಾಗಾಗಿ ಬರೆಯೋ ದಿನ ತವರಿಗೇ ಹೋಗಿ, ಯಜಮಾನರೂ ಬರಲಿ. ತಮ್ಮನ ಹೆಂಡತಿ ಪಕ್ಕದಲ್ಲೇ ಇರಲಿ, ಹುಳುವಿಗೆ ಸೊಪ್ಪು ಹಾಕೋರು ಅವರೂ ಅಲ್ವಾ. ಬೋರ್ ಲಾರಿ ಬರೋ ಮುಂಚೆ ಇದು ಮುಗಿಯಲಿ. ಸಹಿ ಆದಮೇಲೆ ಅಮ್ಮನ ಹತ್ತಿರ ಕೂತು, ‘ನೀರು ಬೀಳದಿದ್ದರೆ ಬಡ್ಡಿ ಬೇಡ’ ಅಂತ ಬರೆದಿರೋ ಸಾಲನ್ನು ಜೋರಾಗಿ ಓದಿ ಹೇಳಿ.